ವೈಪರ್ ಹೊಸದು, ಗಾಜು ಮಾತ್ರ ಮಸುಕು: ತಪ್ಪು ಎಲ್ಲಿದೆ?

ಪ್ರಶ್ನೆ: ನಾನು ಶ್ರೀನಿವಾಸಪುರದವಳು, ಪ್ರೌಢಶಾಲೆಯಲ್ಲಿ ಟೀಚರ್. ದಿನಾ ಕೋಲಾರದ ಕಡೆ ಕಾರಿನಲ್ಲಿ ಹೋಗಿ ಬರುತ್ತೇನೆ. ಎಂಟು ವರ್ಷದ ಸಣ್ಣ ಕಾರು. ಮನೆ ಮುಂದಿನ ಮಾವಿನ ಮರದ ಕೆಳಗೆ ನಿಲ್ಲಿಸುತ್ತೇನೆ. ಒಂದು ವರ್ಷದಲ್ಲಿ ಮೂರು ಸಲ ವೈಪರ್ ಬದಲಾಯಿಸಿದೆ. ಮೊದಲು ಅಗ್ಗದ್ದು, ಆಮೇಲೆ ಕಂಪನಿಯದ್ದು, ಕೊನೆಗೆ ಎಂಟುನೂರು ರೂಪಾಯಿ ಕೊಟ್ಟು ಫ್ಲಾಟ್ ಟೈಪ್. ಯಾವುದೇ ಆದರೂ ಹದಿನೈದು ದಿನ ಚೆನ್ನಾಗಿರುತ್ತದೆ. ಆಮೇಲೆ ಕರಕರ ಸದ್ದು, ಸರಿಯಾಗಿ ಕಣ್ಣಿನ ನೇರಕ್ಕೇ ಮಸುಕು. ಮೊನ್ನೆ ಮದುವೆ ಮುಗಿಸಿಕೊಂಡು ರಾತ್ರಿ ಬೆಂಗಳೂರಿನಿಂದ ಬರುವಾಗ ನರಸಾಪುರ ದಾಟಿದ ಮೇಲೆ ಜೋರು ಮಳೆ ಹಿಡಿಯಿತು. ಎದುರಿನ ಲಾರಿ ಲೈಟ್ ಬಿದ್ದರೆ ಗಾಜೆಲ್ಲ ಬೆಳ್ಳಗಾಗುತ್ತಿತ್ತು. ಒಳಗಡೆ ಬೇರೆ ಹಬೆ ಕಟ್ಟಿತ್ತು. ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿದ್ದರು. ಭಯವಾಗಿ ಪಕ್ಕಕ್ಕೆ ನಿಲ್ಲಿಸಿ ಮಳೆ ಕಡಿಮೆಯಾಗುವ ತನಕ ಕಾದೆ. ರಬ್ಬರಿಗೆ ಸೀಮೆಎಣ್ಣೆ ಹಚ್ಚಿ ಅಂತ ಒಬ್ಬರು, ಗಾಜಿಗೆ ಹಲ್ಲುಜ್ಜುವ ಪೇಸ್ಟ್ ಉಜ್ಜಿ ಅಂತ ಇನ್ನೊಬ್ಬರು ಹೇಳುತ್ತಾರೆ. ಬಿಸಿಲಲ್ಲಿ ವೈಪರ್ ಎತ್ತಿ ನಿಲ್ಲಿಸಬೇಕು ಅಂತ ನನ್ನ ತಮ್ಮ. ಒಂದು ಅಂಗಡಿಯವರು ಗಾಜೇ ಹೋಗಿದೆ, ಏಳು ಸಾವಿರ ಆಗುತ್ತೆ ಅಂದರು. ಸಿಲಿಕೋನ್ ವೈಪರ್ ಹಾಕಿಸಲಾ, ಗಾಜು ಬದಲಿಸಲಾ?

ಉತ್ತರ: ಮೇಡಂ, ಮೊದಲು ಆ ರಾತ್ರಿಯ ವಿಷಯ. ಗಾಡಿ ಪಕ್ಕಕ್ಕೆ ಹಾಕಿ ಕಾದಿರಲ್ಲ, ಅದೇ ಸರಿ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ವೈಪರ್ ಒರೆಸಿದ ಮೇಲೂ ಮಸುಕು ಆರಲು ಎರಡು ಸೆಕೆಂಡ್ ಹಿಡಿದರೆ 44 ಮೀಟರ್ ರಸ್ತೆಯನ್ನು ಅಂದಾಜಿನ ಮೇಲೆ ಓಡಿಸಿದ ಹಾಗೆ. ಅಷ್ಟರಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ಒಂದು ಅಡ್ಡ ಸಿಕ್ಕಿದರೆ? ಮಕ್ಕಳು ಹಿಂದೆ ಮಲಗಿದ್ದರು ಅಂತ ಓದಿದಾಗ ನನಗೂ ಸಂಕಟವಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕೋಲಾರದಲ್ಲಿ ಕಾರಿನ ಗಾಜು, ವೈಪರ್ ಕೆಲಸ ಮಾಡುತ್ತಾ ನನಗೆ 22 ವರ್ಷವಾಯಿತು. ನಿಮ್ಮ ಪತ್ರದಲ್ಲಿ ನನಗೆ ತಟ್ಟನೆ ಕಂಡದ್ದು ಒಂದು ಮಾತು. ಅಗ್ಗದ್ದೂ ಹದಿನೈದು ದಿನ, ಕಂಪನಿಯದ್ದೂ ಹದಿನೈದು ದಿನ, ಎಂಟುನೂರರದ್ದೂ ಹದಿನೈದು ದಿನ. ಮೂರು ಬೇರೆ ಬೇರೆ ಮಾಲು ಒಂದೇ ತರಹ ಕೆಟ್ಟಿದೆ ಅಂದರೆ ರೋಗ ಮಾಲಿನಲ್ಲಿ ಇಲ್ಲ. ಅದು ಉಜ್ಜುವ ಗಾಜಿನ ಮೇಲಿದೆ, ಇಲ್ಲವೇ ವೈಪರನ್ನು ಒತ್ತಿ ಹಿಡಿಯುವ ಕಬ್ಬಿಣದ ತೋಳಿನಲ್ಲಿದೆ. ಆದ್ದರಿಂದ ನಾಲ್ಕನೇ ಜೋಡಿಗೆ ದುಡ್ಡು ಹಾಕಬೇಡಿ. ಗಾಜನ್ನೂ ಈಗಲೇ ಬದಲಿಸಬೇಡಿ.

ವೈಪರ್ ಹೇಗೆ ಒರೆಸುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಿದರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥವಾಗುತ್ತದೆ. ರಬ್ಬರಿನ ತುದಿ ಗಾಜಿನ ಮೇಲೆ ನೆಟ್ಟಗೆ ನಿಂತು ಒರೆಸುವುದಿಲ್ಲ. ಹೋಗುವಾಗ ಒಂದು ಕಡೆ ವಾಲುತ್ತದೆ, ಬರುವಾಗ ಮಗುಚಿಕೊಂಡು ಇನ್ನೊಂದು ಕಡೆ ವಾಲುತ್ತದೆ. ಹಾಗೆ ವಾಲಿದಾಗ ಗಾಜಿಗೆ ತಾಗುವುದು ರಬ್ಬರಿನ ಮೂಲೆ ಮಾತ್ರ, ಕೂದಲೆಳೆಯಷ್ಟು ಅಗಲ. ನಿಧಾನದ ಸ್ಪೀಡಿನಲ್ಲೂ ನಿಮಿಷಕ್ಕೆ 45 ಸಲ ಹೋಗಿ ಬಂದಿತು ಅಂತ ಇಟ್ಟುಕೊಳ್ಳಿ. ಅಂದರೆ 90 ಸಲ ಮಗುಚಿತು. ಒಂದು ಗಂಟೆ ಮಳೆಗೆ 5,400 ಸಲ. ಆ ಮೂಲೆ ಚೂಪಾಗಿದ್ದು, ಗಾಜು ಚೊಕ್ಕಟವಾಗಿದ್ದರೆ ನೀರು ಕಣ್ಣಿಗೆ ಕಾಣದಷ್ಟು ತೆಳ್ಳಗಾಗಿ ಆರಿಹೋಗುತ್ತದೆ. ಗಾಜಿನ ಮೇಲೆ ಅಂಟೋ ಜಿಡ್ಡೋ ಇದ್ದರೆ ರಬ್ಬರ್ ಒಂದು ಕಡೆ ಕಚ್ಚುತ್ತದೆ, ಒಂದು ಕಡೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ನೀವು ಕೇಳುವ ಕರಕರ ಅದೇ.

ನೀವು ಟೀಚರ್ ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ಮಕ್ಕಳಿಗೆ ಇಷ್ಟವಾದೀತು. ವೈಪರಿಗೆ ಅಮೆರಿಕದಲ್ಲಿ 1903ರಲ್ಲಿ ಪೇಟೆಂಟ್ ಪಡೆದವರು ಮೇರಿ ಆಂಡರ್ಸನ್ ಎಂಬ ಹೆಣ್ಣುಮಗಳು. ಒಳಗಿನಿಂದ ಕೈಯಲ್ಲಿ ಎಳೆಯುವ ಸನ್ನೆ, ಹೊರಗೆ ಗಾಜಿಗೆ ಒತ್ತಿಕೊಂಡ ರಬ್ಬರ್ ಪಟ್ಟಿ. ಕೈಯ ಜಾಗಕ್ಕೆ ಮೋಟಾರ್ ಬಂತು, ಅಷ್ಟೇ. ಇವತ್ತಿಗೂ ಒರೆಸುವುದು ಅದೇ ರಬ್ಬರ್, ಅದೇ ಒತ್ತಡ.

ಈಗ ನಿಮ್ಮ ಗಾಜಿಗೆ ಬರೋಣ. ನನ್ನ ಅನುಮಾನ ಮೊದಲು ಹೋಗುವುದು ಆ ಮಾವಿನ ಮರದ ಮೇಲೆ. ನಿಮ್ಮೂರಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂ ಬಿಡುವ ಕಾಲದಲ್ಲಿ ಜಿಗಿಹುಳು ಹೂಗೊಂಚಲಿನ ರಸ ಹೀರಿ ಸಿಹಿಯಾದ ಅಂಟು ಸುರಿಸುತ್ತದೆ. ಬೆಳಗ್ಗೆ ಎದ್ದು ಬಾನೆಟ್ ಮೇಲೆ ಕೈ ಇಟ್ಟರೆ ಬೆಲ್ಲದ ಪಾಕ ಮುಟ್ಟಿದ ಹಾಗಿರುತ್ತದೆ, ಅಲ್ವಾ? ಗಾಜಿನ ಮೇಲೂ ಅದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅದರ ಮೇಲೆ ದೂಳು ಕೂರುತ್ತದೆ. ಕೆಲವು ದಿನದಲ್ಲಿ ಕಪ್ಪು ಬೂಷ್ಟೂ ಹಿಡಿಯುತ್ತದೆ. ಕಾಯಿ ಬಂದ ಮೇಲೆ ಸೊನೆ ಬೇರೆ. ಈ ಎರಡಕ್ಕೂ ಒಂದು ವ್ಯತ್ಯಾಸ ಇದೆ, ಗಮನಿಸಿ. ಜಿಗಿಹುಳುವಿನ ಅಂಟು ಸಕ್ಕರೆಯೇ ಆದ್ದರಿಂದ ಉಗುರುಬೆಚ್ಚಗಿನ ನೀರಿಗೆ ಕರಗಿಹೋಗುತ್ತದೆ. ಸೊನೆ ಎಣ್ಣೆಯ ಹಾಗೆ, ನೀರಿಗೆ ಬಗ್ಗುವುದಿಲ್ಲ.

ಎರಡನೆಯದು ನೀರು. ನಮ್ಮ ಮೂರೂ ಜಿಲ್ಲೆಗಳಲ್ಲಿ, ಕೋಲಾರ ಚಿಕ್ಕಬಳ್ಳಾಪುರ ತುಮಕೂರು ಎಲ್ಲ ಕಡೆ, ಬೋರ್‌ವೆಲ್ ನೀರೇ ಜಾಸ್ತಿ. ಸಾವಿರ ಅಡಿ ಕೆಳಗಿಂದ ಬರುವ ಗಡಸು ನೀರು. ಸ್ನಾನದ ಮನೆ ನಲ್ಲಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಗಾಜಿನ ಮೇಲೂ ಕಟ್ಟುತ್ತದೆ. ಬಿಸಿಲಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ ಪ್ರತಿ ಹನಿಯೂ ಒಂದು ಬಿಳಿ ಚುಕ್ಕಿಯಾಗಿ ಉಳಿಯುತ್ತದೆ. ರಬ್ಬರಿನ ಮೂಲೆಗೆ ಆ ಚುಕ್ಕಿಗಳು ಉಪ್ಪುಕಾಗದವಿದ್ದ ಹಾಗೆ.

ಮೂರನೆಯದು ದೂಳು. ನಮ್ಮದು ಕಲ್ಲಿನ ಸೀಮೆ. ಕ್ರಷರ್‌ಗಳು, ಎಂ ಸ್ಯಾಂಡ್ ತುಂಬಿ ಟಾರ್ಪಾಲ್ ಹೊದಿಸದೆ ಓಡುವ ಟಿಪ್ಪರ್‌ಗಳು. ಗ್ರಾನೈಟ್ ಪುಡಿಯಲ್ಲಿ ಬೆಣಚುಕಲ್ಲಿನ ಕಣ ಇರುತ್ತದೆ. ಗಡಸುತನ ಅಳೆಯುವ ಪಟ್ಟಿಯಲ್ಲಿ ಬೆಣಚಿಗೆ 7, ಗಾಜಿಗೆ ಸುಮಾರು ಐದೂವರೆ. ಅಂದರೆ ಈ ದೂಳು ಗಾಜನ್ನೇ ಗೀರಬಲ್ಲದು. ಕೆಜಿಎಫ್ ಕಡೆಯವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಗಾಳಿ ಎದ್ದ ದಿನ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿಮಣ್ಣಿನ ರಾಶಿಯ, ನುಣ್ಣನೆ ಪುಡಿ ಊರಿಗೆಲ್ಲ ಹರಡುತ್ತದೆ. ಒಣ ಗಾಜಿನ ಮೇಲೆ ಸುಮ್ನೆ ಒಂದು ಸಲ ವೈಪರ್ ಆಡಿಸಿಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ದಯವಿಟ್ಟು ಆಡಿಸಬೇಡಿ. ಗಾಜೂ ಹೋಗುತ್ತದೆ, ರಬ್ಬರೂ ಹೋಗುತ್ತದೆ. ನನ್ನ ಹತ್ತಿರ ಬರುವ ಗಾಜುಗಳಲ್ಲಿ ಕಮಾನಿನ ಆಕಾರದ ನವಿರು ಗೀರು ಇದ್ದರೆ ಮುಕ್ಕಾಲು ಪಾಲು ಇದೇ ಕಾರಣ.

ನಾಲ್ಕನೆಯದನ್ನು ನಾವೇ ಹಚ್ಚುತ್ತೇವೆ. ವಾಟರ್ ಸರ್ವಿಸ್‌ನಲ್ಲಿ ಹಾಕುವ ಮೇಣದ ಶಾಂಪೂ, ಡ್ಯಾಶ್‌ಬೋರ್ಡಿಗೆ ಬಳಿಯುವ ಮಿರಿಮಿರಿ ಪಾಲಿಶ್, ಅದೇ ಬಟ್ಟೆಯಲ್ಲಿ ಗಾಜನ್ನೂ ಒರೆಸಿಬಿಡುವುದು. ಇದರ ಜೊತೆಗೆ ಮೊದಲ ಮಳೆ ಬಿದ್ದ ಸಂಜೆ ಲೈಟಿಗೆ ಮುತ್ತುವ ಈಸಲು ಹುಳು. ಅದರ ಮೈಯಲ್ಲಿ ಕೊಬ್ಬು ಜಾಸ್ತಿ, ಗಾಜಿಗೆ ಬಡಿದರೆ ತುಪ್ಪ ಸವರಿದ ಹಾಗೆ.

ನಿಮ್ಮ ಗಾಜಿನಲ್ಲಿ ಇದೆಲ್ಲ ಇದೆಯೋ ಇಲ್ಲವೋ ತಿಳಿಯಲು ಒಂದು ಚೊಂಬು ನೀರು ಸಾಕು. ನೆರಳಿನಲ್ಲಿ ಕಾರು ನಿಲ್ಲಿಸಿ, ಗಾಜು ತಣ್ಣಗಾದ ಮೇಲೆ ಮೇಲಿನಿಂದ ನಿಧಾನವಾಗಿ ನೀರು ಬಿಡಿ. ನೀರು ಒಂದೇ ಹಾಳೆಯ ಹಾಗೆ ಇಳಿದರೆ ಗಾಜು ಚೊಕ್ಕಟ. ಅಲ್ಲಲ್ಲಿ ಒಡೆದು, ದ್ವೀಪದಂತೆ ಒಣ ಜಾಗ ಬಿಟ್ಟು, ಹನಿಹನಿಯಾಗಿ ನಿಂತರೆ ಅಲ್ಲೆಲ್ಲ ಜಿಡ್ಡಿದೆ. ಮಳೆಗೆ ಹಚ್ಚುವ ಕೋಟಿಂಗ್ ಇದ್ದರೂ ನೀರು ಹನಿಯಾಗುತ್ತದೆ, ಆದರೆ ಗಾಜಿನ ತುಂಬ ಒಂದೇ ಸಮನಾಗಿ ಆಗುತ್ತದೆ. ಜಿಡ್ಡಿಗೆ ಆಗುವುದು ಮಚ್ಚೆಮಚ್ಚೆಯಾಗಿ.

ಕಳೆದ ಹಂಗಾಮಿನಲ್ಲಿ ಟೊಮೆಟೊ ಸಾಗಿಸುವ ಪಿಕಪ್ ಒಂದು ನನ್ನ ಹತ್ತಿರ ಬಂದಿತ್ತು. ರಾತ್ರಿಯೆಲ್ಲ ಓಡಿ ಬೆಳಗ್ಗೆ ಕೋಲಾರದ ಎಪಿಎಂಸಿಗೆ ಸೇರುವ ಗಾಡಿ. ಡ್ರೈವರ್ ಅಣ್ಣ ಕೈಯಲ್ಲಿ ಹೊಸ ವೈಪರ್ ಪ್ಯಾಕೆಟ್ ಹಿಡಿದೇ ಇಳಿದರು, ಹಾಕಿಕೊಡಿ ಅಂತ. ಹಳೆಯದರ ರಬ್ಬರನ್ನು ಹೆಬ್ಬೆರಳ ಉಗುರಿನಲ್ಲಿ ಸವರಿ ನೋಡಿದೆ. ಮೂಲೆ ಇನ್ನೂ ಚೂಪಾಗಿತ್ತು, ಬಿರುಕಿಲ್ಲ. ಬಿಳಿ ಬಟ್ಟೆ ಒದ್ದೆ ಮಾಡಿ ಒರೆಸಿದೆ, ಬಟ್ಟೆ ಕಂದು ಕಪ್ಪಾಯಿತು, ಅಂಟಂಟು. ಗಾಜಿಗೆ ನೀರು ಬಿಟ್ಟರೆ ನಕ್ಷೆ ಬರೆದ ಹಾಗೆ ಒಡೆಯಿತು. ಅರ್ಧ ಗಂಟೆ ಗಾಜು ತೊಳೆದು ಹಳೇ ವೈಪರನ್ನೇ ಹಾಕಿ ಆಡಿಸಿದೆ. ಸದ್ದೇ ಇಲ್ಲ. ಅವರು ಪ್ಯಾಕೆಟನ್ನು ವಾಪಸ್ ಕೊಡಲು ಅಂಗಡಿಗೆ ಹೋದರು.

ತೊಳೆಯುವ ರೀತಿ ಹೀಗೆ. ಮೊದಲು ಬರೀ ನೀರು, ಧಾರಾಳವಾಗಿ, ದೂಳೆಲ್ಲ ಇಳಿದುಹೋಗಲಿ. ಈ ಹೆಜ್ಜೆ ಬಿಟ್ಟು ಬಟ್ಟೆ ಹಾಕಿದರೆ ದೂಳೇ ಗಾಜನ್ನು ಗೀರುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಮೇಲಿನಿಂದ ಕೆಳಗೆ ಉಜ್ಜಿ. ಜಿಗಿಹುಳುವಿನ ಅಂಟು ಇಷ್ಟಕ್ಕೇ ಹೋಗುತ್ತದೆ. ತೊಳೆದು ಒರೆಸಿ. ಸೊನೆ, ಮೇಣ, ಪಾಲಿಶ್ ಜಿಡ್ಡಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ. ಬೆಂಕಿ, ಬೀಡಿ, ಸಿಗರೇಟು ಹತ್ತಿರ ಬೇಡ. ಪೇಂಟಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಬೋರ್ ನೀರಿನ ಬಿಳಿ ಚುಕ್ಕಿಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಚುಕ್ಕಿಗಳ ಮೇಲೆ ಎರಡು ಮೂರು ನಿಮಿಷ ಹಾಸಿ, ಆಮೇಲೆ ಉಜ್ಜಿ ಚೆನ್ನಾಗಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಬೇಡ. ಪೇಂಟು, ಗಾಜಿನ ಸುತ್ತಲಿನ ರಬ್ಬರ್, ಕಬ್ಬಿಣ ಎಲ್ಲ ಹಾಳು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕೂಡ ಗಾಜಿಗೆ ಸಲ್ಲದು, ಅದರಲ್ಲಿ ಗಾಜಿಗಿಂತ ಗಟ್ಟಿಯಾದ ಪುಡಿ ಇರುತ್ತದೆ.

ಇಷ್ಟಾದ ಮೇಲೆ ಮತ್ತೆ ಚೊಂಬು ನೀರು ಬಿಟ್ಟು ನೋಡಿ. ಆಗಲೂ ನೀರು ಒಡೆದರೆ ಸೀರಿಯಂ ಆಕ್ಸೈಡ್ ಇರುವ ಗ್ಲಾಸ್ ಪಾಲಿಶ್ ಬೇಕಾಗುತ್ತದೆ. ಅದನ್ನು ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಮಿಷನ್ ಒಂದೇ ಕಡೆ ಒತ್ತಿ ಹಿಡಿದರೆ ಗಾಜು ಕಾದು ಬಿರುಕು ಬಿಡುತ್ತದೆ.

ರಬ್ಬರಿಗೂ ಅದೇ ದಿನ ಸ್ನಾನ ಮಾಡಿಸಿ. ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೂಲೆಯ ಉದ್ದಕ್ಕೂ ಒಂದೆರಡು ಸಲ ಎಳೆದರೆ ಸಾಕು. ಬಟ್ಟೆಗೆ ಕಪ್ಪು ಹತ್ತುತ್ತದೆ ಅಂತ ಹತ್ತುವುದು ನಿಲ್ಲುವ ತನಕ ಉಜ್ಜುವವರಿದ್ದಾರೆ. ಹೊಸ ರಬ್ಬರಿಗೆ ಜಾರಲಿ ಅಂತ ಗ್ರಾಫೈಟ್ ಬಳಿದಿರುತ್ತಾರೆ. ಪೂರ್ತಿ ಉಜ್ಜಿ ತೆಗೆದರೆ ಹೊಸ ವೈಪರೂ ಕರಕರ ಅನ್ನುತ್ತದೆ.

ಗಾಜು ಚೊಕ್ಕಟವಾದ ಮೇಲೂ ಸದ್ದು ಉಳಿದರೆ ತೋಳನ್ನು ನೋಡಬೇಕು. ಇಲ್ಲಿ ನಿಮ್ಮ ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಹೋಗುವಾಗ ಸದ್ದಿಲ್ಲ, ಬರುವಾಗ ಮಾತ್ರ ಕರಕರ ಅಂದರೆ ತೋಳು ತಿರುಚಿದೆ, ಇಲ್ಲವೇ ರಬ್ಬರ್ ಒಂದೇ ಕಡೆಗೆ ವಾಲಿ ಗಟ್ಟಿಯಾಗಿದೆ. ಎರಡೂ ಕಡೆ ಸದ್ದು ಅಂದರೆ ಬಹುಪಾಲು ಗಾಜಿನ ಜಿಡ್ಡೇ. ತೆಳ್ಳನೆ ಗೆರೆಯೊಂದು ಒಂದೇ ಜಾಗದಲ್ಲಿ ಉಳಿದರೆ ರಬ್ಬರಿನಲ್ಲಿ ಆ ಜಾಗಕ್ಕೆ ಕಸ ಸಿಕ್ಕಿದೆ, ಇಲ್ಲಾ ಅಲ್ಲಿ ಕಚ್ಚು ಬಿದ್ದಿದೆ. ಅಂಗೈ ಅಗಲ ಪಟ್ಟೆಯಾಗಿ ನೀರು ಹಾಗೇ ಉಳಿದರೆ ಅಲ್ಲಿ ಒತ್ತಡ ಸಾಲುತ್ತಿಲ್ಲ.

ತೋಳು ತಿರುಚುವುದು ಹೇಗೆ ಗೊತ್ತೇ? ವಾಟರ್ ಸರ್ವಿಸ್‌ನಲ್ಲಿ ಹುಡುಗರು ಗಾಜು ಒರೆಸಲು ವೈಪರನ್ನು ಪಟ್ ಅಂತ ಎತ್ತಿ ಪಟ್ ಅಂತ ಬಿಡುತ್ತಾರೆ. ದಿನಕ್ಕೆ ನಲವತ್ತು ಗಾಡಿ ತೊಳೆಯುವ ಕೈ, ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ನಿಮ್ಮ ಗಾಡಿಯ ವೈಪರ್ ನೀವೇ ಎತ್ತಿ ಇಳಿಸಿ. ಪರೀಕ್ಷೆ ಮಾಡಲು ವೈಪರ್ ಗಾಜಿನ ನಡುವೆ ಬಂದಾಗ ಕೀ ಆಫ್ ಮಾಡಿ ನಿಲ್ಲಿಸಿ. ಪಕ್ಕದಿಂದ ನೋಡಿದರೆ ಬ್ಲೇಡು, ಅಂದರೆ ರಬ್ಬರನ್ನು ಹಿಡಿದಿರುವ ಪಟ್ಟಿ, ಗಾಜಿಗೆ ನೆಟ್ಟಗೆ ನಿಂತಿರಬೇಕು. ಒಂದು ಕಡೆ ಬಾಗಿದ್ದರೆ ಮೆಕ್ಯಾನಿಕ್ ಎರಡು ಸ್ಪ್ಯಾನರ್ ಹಿಡಿದು ಐದು ನಿಮಿಷದಲ್ಲಿ ಸರಿಮಾಡುತ್ತಾರೆ. ನೀವೇ ಬಗ್ಗಿಸಲು ಹೋಗಬೇಡಿ.

ಇನ್ನು ನಿಮ್ಮ ತಮ್ಮ ಹೇಳಿದ ಮಾತು. ಬಿಸಿಲಲ್ಲಿ ಎತ್ತಿ ನಿಲ್ಲಿಸಿದರೆ ರಬ್ಬರ್ ಕಾದ ಗಾಜಿಗೆ ಅಂಟುವುದಿಲ್ಲ, ಒಂದೇ ಕಡೆ ವಾಲಿ ಗಟ್ಟಿಯಾಗುವುದಿಲ್ಲ. ಅದರಲ್ಲಿ ನಿಜ ಇದೆ. ಆದರೆ ಬಿಸಿಲು ರಬ್ಬರಿಗೆ ಬೀಳುವುದು ತಪ್ಪುವುದಿಲ್ಲ, ಸ್ಪ್ರಿಂಗ್ ಇಡೀ ದಿನ ಎಳೆದುಕೊಂಡೇ ಇರುತ್ತದೆ. ಗಾಳಿಗೋ ಮಕ್ಕಳ ಕೈಗೋ ಸಿಕ್ಕಿ ತೋಳು ಬಿದ್ದರೆ ಗಾಜಿಗೆ ಪೆಟ್ಟು. ಇದು ನನ್ನ ಕೈಯಲ್ಲೇ ಆಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆ ಬ್ಲೇಡು ಬಿಚ್ಚಿ, ಬರಿಯ ತೋಳನ್ನು ನಿಲ್ಲಿಸಿ, ಹೊಸದನ್ನು ತರಲು ಒಳಗೆ ಹೋದೆ. ಹಿಂದೆಯೇ ಟಪ್ ಅಂತ ಸದ್ದು. ತಿರುಗಿ ನೋಡಿದರೆ ಕಬ್ಬಿಣದ ಕೊಕ್ಕೆ ಗಾಜಿಗೆ ಬಡಿದು ಕೆಳಗಿನಿಂದ ಮೇಲಕ್ಕೆ ಬಿರುಕು ಓಡುತ್ತಿತ್ತು. ಎರಡು ತಿಂಗಳ ಸಂಬಳ ಅದಕ್ಕೇ ಹೋಯಿತು. ಅವತ್ತಿನಿಂದ ಬ್ಲೇಡು ಬಿಚ್ಚುವ ಮುಂಚೆ ಗಾಜಿನ ಮೇಲೆ ದಪ್ಪ ಟವೆಲ್ ಹಾಸದೆ ನಾನು ಕೈ ಹಾಕುವುದಿಲ್ಲ. ನಿಮ್ಮ ಕಾರಿಗೆ ಎತ್ತಿ ನಿಲ್ಲಿಸುವ ಅಗತ್ಯವಿಲ್ಲ, ಮರದ ನೆರಳಿದೆಯಲ್ಲ. ಗಾಜಿನ ಮೇಲೆ ಹಳೇ ಬೆಡ್‌ಶೀಟ್ ಒಂದು ಹೊದಿಸಿ, ವೈಪರ್ ಅದರ ಮೇಲೆ ಕೂರಲಿ. ಅಂಟು ಬೀಳುವುದೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. ಬೆಡ್‌ಶೀಟ್ ವಾರಕ್ಕೊಮ್ಮೆ ಒಗೆಯಿರಿ.

ಸೀಮೆಎಣ್ಣೆ ಹಚ್ಚಿದರೆ ರಬ್ಬರ್ ಅವತ್ತು ಮೆತ್ತಗಾಗುತ್ತದೆ, ನಿಜ. ಎಣ್ಣೆ ಹೀರಿ ಊದಿಕೊಂಡಿರುತ್ತದೆ, ಅದಕ್ಕೆ. ಕೆಲವು ದಿನದಲ್ಲಿ ಮೂಲೆ ಸೊಟ್ಟಗಾಗಿ ಗಾಜಿಗೂ ಜಿಡ್ಡು ಹತ್ತುತ್ತದೆ. ಡೀಸೆಲ್, ಕೊಬ್ಬರಿ ಎಣ್ಣೆ ಎಲ್ಲಕ್ಕೂ ಇದೇ ಮಾತು. ಪೇಸ್ಟಿನಿಂದ ಗೀರು ಹೋಗುವುದಿಲ್ಲ. ಕೂಲ್ ಡ್ರಿಂಕ್ ಸುರಿಯುವವರೂ ಇದ್ದಾರೆ, ಅದರ ಸಕ್ಕರೆ ಮಾವಿನ ಅಂಟಿಗೆ ಇನ್ನೊಂದು ಪದರ ಅಷ್ಟೇ. ನ್ಯೂಸ್ ಪೇಪರ್ ಮಾತ್ರ ಪೂರ್ತಿ ಸುಳ್ಳಲ್ಲ. ಒಳಗಿನ ಗಾಜನ್ನು ಕೊನೆಗೆ ಒಣಗಿಸಿ ಒರೆಸಲು ಅದು ಆಗುತ್ತದೆ, ನೂಲು ಬಿಡುವುದಿಲ್ಲ. ಮೈಕ್ರೋಫೈಬರ್ ಬಟ್ಟೆ ಅದಕ್ಕಿಂತ ಒಳ್ಳೆಯದು.

ಹಳೇ ಕಾಲದ ಬಸ್ಸು, ಲಾರಿ ಡ್ರೈವರುಗಳು ವೈಪರ್ ಕೈಕೊಟ್ಟರೆ ಗಾಜಿಗೆ ಹೊಗೆಸೊಪ್ಪನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಉಜ್ಜುತ್ತಿದ್ದರು. ಅದನ್ನು ಮೂಢನಂಬಿಕೆ ಅನ್ನಬೇಡಿ. ಆ ರಸದ ತೆಳು ಪದರ ನೀರನ್ನು ಹನಿಯಾಗಲು ಬಿಡದೆ ಹಾಳೆಯಂತೆ ಇಳಿಸುತ್ತದೆ. ನಡುದಾರಿಯಲ್ಲಿ ವೈಪರ್ ನಿಂತುಹೋದರೆ ಇವತ್ತಿಗೂ ಹತ್ತಿರದ ಊರು ಸೇರುವ ಮಟ್ಟಿಗೆ ಅದು ಉಪಾಯವೇ. ದಿನಬಳಕೆಗೆ ಅಲ್ಲ.

ವೈಪರ್ ಆಯ್ಕೆ ಬಗ್ಗೆ. ಕಬ್ಬಿಣದ ಚೌಕಟ್ಟಿನದು ಅಗ್ಗ. ಗಾಜಿನ ಬಾಗಿಗೆ ಕೀಲುಗಳು ಹೊಂದಿಕೊಳ್ಳುತ್ತವೆ, ಆದರೆ ಆ ಕೀಲುಗಳಿಗೆ ದೂಳು ಸಿಕ್ಕಿ ಬಿಗಿಯಾದರೆ ನಡುವೆ ಪಟ್ಟೆ ಬಿಡುತ್ತದೆ. ಕೆಲವದಕ್ಕೆ ಬರೀ ರಬ್ಬರ್ ರೀಫಿಲ್ ಸಿಗುತ್ತದೆ, ಚೌಕಟ್ಟು ಗಟ್ಟಿಯಿದ್ದರೆ ಅದೇ ಸಾಕು. ಫ್ಲಾಟ್ ಟೈಪಿನಲ್ಲಿ ಕೀಲಿಲ್ಲ, ಒಳಗೆ ಬಾಗಿದ ಸ್ಟೀಲ್ ಪಟ್ಟಿ ಉದ್ದಕ್ಕೂ ಒತ್ತುತ್ತದೆ. ಹೈವೇ ವೇಗದಲ್ಲಿ ಗಾಳಿಗೆ ಏಳುವುದು ಕಡಿಮೆ. ಆದರೆ ಆ ಬಾಗು ನಿಮ್ಮ ಗಾಜಿನ ಬಾಗಿಗೆ ಸರಿಹೊಂದದಿದ್ದರೆ ತುದಿಗಳು ಗಾಜಿಗೆ ತಾಗುವುದೇ ಇಲ್ಲ. ಸಿಲಿಕೋನ್ ಬಿಸಿಲಿಗೆ ಜಾಸ್ತಿ ತಡೆಯುತ್ತದೆ, ಬೆಲೆಯೂ ಜಾಸ್ತಿ. ಜಿಡ್ಡಿರುವ ಗಾಜಿನ ಮೇಲೆ ಅದೂ ಕರಕರ ಅನ್ನುವುದೇ. ನಿಮ್ಮ ಈಗಿನ ಫ್ಲಾಟ್ ವೈಪರಿಗೆ ಬಿರುಕಿಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಮುಂದೆ ಕೊಳ್ಳುವಾಗ ಎರಡೂ ಕಡೆಯ ಉದ್ದ ಇಂಚಿನಲ್ಲಿ ಅಳೆದುಕೊಂಡು ಹೋಗಿ. ಡ್ರೈವರ್ ಕಡೆಯದು ಸಾಮಾನ್ಯವಾಗಿ ಉದ್ದ, ಆ ಕಡೆಯದು ಗಿಡ್ಡ. ಉದ್ದದ್ದು ಹಾಕಿದರೆ ಜಾಸ್ತಿ ಒರೆಸುತ್ತೆ ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ಒಂದಕ್ಕೊಂದು ಬಡಿಯುತ್ತವೆ. ತೋಳಿನ ತುದಿಯ ಕೊಕ್ಕೆ ಯಾವ ತರಹದ್ದು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ನಾಲ್ಕೈದು ತಿಂಗಳು ಮಳೆ ಅಪರೂಪ. ವೈಪರ್ ಅಲ್ಲಾಡುವುದೇ ಇಲ್ಲ, ಬಿಸಿಲಲ್ಲಿ ಒಣಗುತ್ತಾ ಇರುತ್ತದೆ. ಅಶ್ವಿನಿ ಭರಣಿ ಮಳೆ ಧೋ ಅಂತ ಸುರಿದಾಗಲೇ ನೆನಪಾಗುವುದು. ಅದಕ್ಕೇ ನನ್ನ ಗಿರಾಕಿಗಳಿಗೆ ನಾನು ಎರಡು ಗುರುತು ಹೇಳಿರುತ್ತೇನೆ. ಯುಗಾದಿಗೆ ಒಮ್ಮೆ ರಬ್ಬರ್ ಮುಟ್ಟಿ ನೋಡಿ, ಗೌರಿ ಹಬ್ಬಕ್ಕೆ ಇನ್ನೊಮ್ಮೆ. ನಮಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ತಾನೇ. ಬೇಸಿಗೆಗೆ ಮುಂಚೆ, ಜನವರಿಯಲ್ಲಿ, ಹೊಸದು ಹಾಕಿಸಿದರೆ ಮಳೆ ಬರುವ ಹೊತ್ತಿಗೆ ಅದೂ ಹಳೆಯದಾಗಿರುತ್ತದೆ.

ಗಾಜಿಗೆ ನೀರು ಚಿಮ್ಮುವ ಟ್ಯಾಂಕಿಗೂ ಬೋರ್ ನೀರು ಹಾಕಬೇಡಿ. ಬಟ್ಟೆ ಸೋಪಿನ ಪುಡಿ ಬೆರೆಸಲೇಬೇಡಿ, ಗಡಸು ನೀರಿನ ಜೊತೆ ಸೇರಿ ಗಸಿ ಕಟ್ಟಿ ನಳಿಕೆಯ ತೂತು ಮುಚ್ಚುತ್ತದೆ. ತಲೆಗೆ ಹಾಕುವ ಶಾಂಪೂ ಪ್ಯಾಕೆಟ್ ಕೂಡ ಗಾಜಿನ ಮೇಲೆ ಪದರ ಬಿಡುತ್ತದೆ. ಕಾಯಿನ್ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಲೀಟರ್ ಬಾಟಲಿ ತಂದು, ಕಾರಿನ ಗಾಜಿಗೆಂದೇ ಸಿಗುವ ವಾಷರ್ ಲಿಕ್ವಿಡ್ ಅದರ ಮೇಲೆ ಬರೆದ ಅಳತೆಗೆ ಬೆರೆಸಿ. ಮುಚ್ಚಿದ ತೂತನ್ನು ಹೊಲಿಗೆ ಸೂಜಿಯಲ್ಲಿ ಮೆಲ್ಲಗೆ ಬಿಡಿಸಬಹುದು. ಟ್ಯಾಂಕ್ ಖಾಲಿಯಿದ್ದಾಗ ಮೋಟಾರ್ ಓಡಿಸಬೇಡಿ, ಸುಟ್ಟುಹೋಗುತ್ತದೆ.

ಒಳಗಿನ ಹಬೆ ಬೇರೆಯೇ ವಿಷಯ. ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ, ಮಳೆಗೆ ತಣ್ಣಗಾದ ಗಾಜು. ಒಳಗಿನ ತೇವ ಗಾಜಿಗೆ ಕೂರುತ್ತದೆ. ಆಗ ಎಸಿ ಹಾಕಿ, ಗಾಳಿ ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಕಡೆಗೆ ಸ್ವಿಚ್ ಇಡಿ. ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಅದರಲ್ಲಿನ ನೀರನ್ನೂ ತೆಗೆಯುತ್ತದೆ. ಚಳಿಯಾದರೆ ಜೊತೆಗೆ ಹೀಟರ್ ಗುಂಡಿಯನ್ನು ಸ್ವಲ್ಪ ತಿರುಗಿಸಿ, ಇನ್ನೂ ಬೇಗ ಹೋಗುತ್ತದೆ. ಹಬೆ ಹೊರಗಿದೆಯೋ ಒಳಗಿದೆಯೋ ಅಂತ ಬೆರಳಿಟ್ಟರೆ ಗೊತ್ತಾಗುತ್ತದೆ. ಹೊರಗೆ ಕಟ್ಟಿದ್ದರೆ ಗಾಜು ಎಸಿಗೆ ತೀರಾ ತಣ್ಣಗಾಗಿದೆ ಅಂತ ಅರ್ಥ, ವೈಪರ್ ಒಮ್ಮೆ ಆಡಿಸಿ ಎಸಿಯ ತಂಪು ಕಡಿಮೆ ಮಾಡಿ. ಅಂಗೈಯಲ್ಲಿ ಮಾತ್ರ ಒರೆಸಬೇಡಿ. ಕೈಯ ಜಿಡ್ಡೇ ರಾತ್ರಿ ಲೈಟಿಗೆ ಬೆಳ್ಳಗೆ ಹರಡುವುದು. ನಿಮ್ಮ ಕಾರಿನಲ್ಲಿ ಇನ್ನೊಂದು ಜಾಗ ನೋಡಿ. ಬಾನೆಟ್ ಎತ್ತಿದರೆ ವೈಪರ್ ಬುಡದಲ್ಲಿ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಹೊರಗಿನ ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಮಾವಿನ ಹೂವು, ಎಲೆ ಅಲ್ಲಿ ಕೊಳೆತು ತುಂಬಿಕೊಂಡಿದ್ದರೆ ಗಾಳಿ ಸಾಲದೆ ಹಬೆ ಜಾಸ್ತಿಯಾಗುತ್ತದೆ. ಕೈ ಹಾಕಿ ಎಲ್ಲ ತೆಗೆಯಿರಿ.

ರಾತ್ರಿ ಲೈಟು ಚುಚ್ಚುತ್ತದೆ ಅಂತ ಯಾರಾದರೂ ಗಾಜಿಗೆ ಬಣ್ಣದ ಫಿಲ್ಮ್ ಹಾಕಿಸಲು ಹೇಳಿದರೆ ಬೇಡ. ಮುಂದಿನ ಗಾಜಿನಲ್ಲಿ ಕನಿಷ್ಠ 70% ಬೆಳಕು ಹಾಯಬೇಕು ಅಂತ ನಿಯಮವಿದೆ. ಅದಕ್ಕಿಂತ ಮುಖ್ಯವಾಗಿ, ಮಳೆಯ ರಾತ್ರಿ ಕಾಣುವುದೇ ಕಷ್ಟ, ಅದರ ಮೇಲೆ ಬೆಳಕು ಇನ್ನಷ್ಟು ಕಡಿಮೆ ಮಾಡಿಕೊಳ್ಳುವುದು ಯಾಕೆ. ನೀರು ಜಾರಿಸುವ ಕೋಟಿಂಗ್ ಹಾಕಿಸಬಹುದು, ಹೈವೇಯಲ್ಲಿ ಹನಿಗಳು ಗಾಳಿಗೇ ಹಾರಿಹೋಗುತ್ತವೆ. ಆದರೆ ಅದು ಅರ್ಧಂಬರ್ಧ ಸವೆದಾಗ ಮತ್ತೆ ಮಚ್ಚೆಮಚ್ಚೆ ಮಸುಕು, ಮತ್ತೆ ಕರಕರ. ಕೆಲವು ತಿಂಗಳಿಗೊಮ್ಮೆ ಪೂರ್ತಿ ತೆಗೆದು ಮತ್ತೆ ಹಚ್ಚುವ ತಾಳ್ಮೆ ಇದ್ದರೆ ಮಾತ್ರ.

ಕೊನೆಗೆ ಆ ಏಳು ಸಾವಿರ. ಗಾಜು ಬದಲಿಸಲೇಬೇಕಾದ ಸಂದರ್ಭಗಳಿವೆ. ಕಣ್ಣಿನ ನೇರಕ್ಕೆ ಬಿರುಕಿದ್ದರೆ, ಬಿರುಕು ಓಡುತ್ತಿದ್ದರೆ, ಅಥವಾ ವೈಪರ್ ಗೀರಿದ ಗೆರೆ ಆಳವಾಗಿದ್ದರೆ. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆಳವಿದೆ. ಅದನ್ನು ಪಾಲಿಶ್ ಮಾಡಿ ತೆಗೆಯಲು ಹೋದರೆ ಆ ಜಾಗದಲ್ಲಿ ಗಾಜು ತಗ್ಗಾಗಿ, ರಸ್ತೆ ಅಲೆಯಲೆಯಾಗಿ ಕಾಣುತ್ತದೆ. ಉಗುರು ಸಿಕ್ಕದ ನವಿರು ಗೀರಾದರೆ ಪಾಲಿಶ್‌ಗೆ ಬಗ್ಗುತ್ತದೆ. ಬದಲಿಸುವುದೇ ಆದರೆ ಒಳ್ಳೆ ಗೋಂದು ಹಾಕುವ, ಅದು ಹಿಡಿಯುವ ತನಕ ಗಾಡಿ ಹೊರಗೆ ಬಿಡದ ಕಡೆ ಮಾಡಿಸಿ. ಇನ್ಶೂರೆನ್ಸ್ ಏನು ಕೊಡುತ್ತದೆ ಅಂತ ಮುಂಚೆಯೇ ಕೇಳಿ. ನೀವು ಬರೆದಿರುವುದರಲ್ಲಿ ಬಿರುಕಿನ ಮಾತಿಲ್ಲ, ಗೀರಿನ ಮಾತೂ ಇಲ್ಲ. ಆದ್ದರಿಂದ ಮೊದಲು ಚೊಂಬು ನೀರು, ಆಮೇಲೆ ಉಗುರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದ ಮೇಲೆ ಒಂದು ಗಂಟೆ ಇದಕ್ಕೆ ಇಡಿ. ಗಾಜು ತೊಳೆದು, ನೀರು ಬಿಟ್ಟು, ವೈಪರ್ ಆಡಿಸಿ ಕಿವಿಗೊಟ್ಟು ಕೇಳಿ. ಆಮೇಲೂ ಸದ್ದು ಉಳಿದರೆ ನನಗೆ ಎರಡು ಸಾಲು ಬರೆಯಿರಿ. ಹೋಗುವಾಗ ಬರುತ್ತದೋ, ಬರುವಾಗ ಬರುತ್ತದೋ ಅಷ್ಟು ತಿಳಿಸಿದರೆ ತೋಳಿನದ್ದೋ ರಬ್ಬರಿನದ್ದೋ ಹೇಳುತ್ತೇನೆ.